ಕೆಳಗೇರಿಯ ಐವತ್ತು ನಿಮಿಷ

ಆ ದಿನ ಬೆಳಿಗ್ಗೆ ಮೆಟ್ಟಿಲಿಳಿದು ಹೋಗುವ ಮುಂಚೆ ನೀಲಕ್ಕ ನನಗೆ ಹೇಳಿದ್ದು ಒಂದೇ ಮಾತು. "ಉಳಿದದ್ದೆಲ್ಲಾ ನೀನ ಮಾಡು ತಮ್ಮಾ. ಟೈಮ್ ಕೇಳೋ ಪರದೆ ಬಂತಂದ್ರ ಮಾತ್ರ ಕೈ ಕಟ್ಕೊಂಡು ಕುಂದ್ರು. ನಾ ಬಂದ ಮ್ಯಾಲೆ ಮುಂದಿಂದು." ಆ ಮಾತು ನನಗೆ ಮರೆತುಹೋಗಿತ್ತು ಎಂದು ಹೇಳಿಕೊಳ್ಳುವ ಹಾಗಿದ್ದರೆ ಮನಸ್ಸು ಎಷ್ಟೋ ಹಗುರಾಗುತ್ತಿತ್ತು. ಮರೆತಿರಲಿಲ್ಲ. ಅವರ ದನಿ, ಹೆಗಲಿಗೆ ಹಾಕಿಕೊಂಡಿದ್ದ ಖಾಕಿ ಚೀಲ, ಹೊಸ್ತಿಲು ದಾಟುವಾಗ ಒಂದು ಕ್ಷಣ ನಿಂತು ತಿರುಗಿ ನೋಡಿದ್ದು, ಎಲ್ಲವೂ ನೆನಪಿತ್ತು.

ನಮ್ಮ ಊರಲ್ಲಿ ಎರಡು ಕೇರಿ. ಮೇಲ್ಗೇರಿ ಗುಡ್ಡದ ನೆತ್ತಿಯಲ್ಲಿ, ಕೆಳಗೇರಿ ಹೊಳೆಯ ದಂಡೆಯಲ್ಲಿ, ನಡುವೆ ತೊಂಬತ್ತೆರಡು ಕಲ್ಲಿನ ಮೆಟ್ಟಿಲು. ಮೇಲೆ ಎಂಟು ಗಂಟೆಯಾದಾಗ ಕೆಳಗೆ ಏಳೂ ಹತ್ತು. ಗಡಿಯಾರದ ಮಾತಷ್ಟೇ ಅಲ್ಲ. ಕೆಳಗೇರಿಯಲ್ಲಿ ಬಿಸಿಲು ಐವತ್ತು ನಿಮಿಷ ತಡವಾಗಿ ಬೀಳುತ್ತಿತ್ತು, ಹಾಲು ತಡವಾಗಿ ಹೆಪ್ಪುಗಟ್ಟುತ್ತಿತ್ತು, ಮಕ್ಕಳಿಗೆ ತಡವಾಗಿ ಹಸಿವಾಗುತ್ತಿತ್ತು. ಮೇಲಿನ ಪಡಿತರ ಅಂಗಡಿ ಒಂದು ಗಂಟೆಗೆ ಬಾಗಿಲೆಳೆದರೆ ಜನ ಚೀಲ ಹಿಡಿದು ಕೆಳಗೆ ಓಡುತ್ತಿದ್ದರು, ಅಲ್ಲಿನ ಅಂಗಡಿಯಲ್ಲಿ ಇನ್ನೂ ಹನ್ನೆರಡೂ ಹತ್ತು. ಮದುವೆಗೆ ಹೆಣ್ಣಿನ ಸೋದರಮಾವ ತಡಮಾಡಿ ಮುಹೂರ್ತ ಮೀರಿಹೋದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಮದುಮಕ್ಕಳನ್ನು ಮುಂದೆ ಬಿಟ್ಟುಕೊಂಡು ಇಡೀ ಮಂದಿ ಮೆಟ್ಟಿಲಿಳಿದು ಅದೇ ಮುಹೂರ್ತವನ್ನು ಕೆಳಗೆ ಹಿಡಿಯುತ್ತಿದ್ದರು. ಊಟ ಮೇಲೆ, ಅಕ್ಕಿಕಾಳು ಕೆಳಗೆ.

ಮೇಲ್ಗೇರಿಯಲ್ಲಿ ಯಾರಿಗಾದರೂ ಕೊನೆ ಹತ್ತಿರವಾಯಿತೆಂದರೆ ಬೆತ್ತದ ಕುರ್ಚಿಗೆ ಎರಡು ಬಿದಿರು ಕಟ್ಟಿ, ನಾಲ್ಕು ಜನ ಹೊತ್ತು, ಅವರನ್ನು ಕೆಳಗೆ ಒಯ್ಯುತ್ತಿದ್ದರು. ಮೇಲಿನ ಲೆಕ್ಕದಲ್ಲಿ ಮುಗಿದ ಜೀವ ಕೆಳಗಿನ ಲೆಕ್ಕದಲ್ಲಿ ಇನ್ನೂ ಐವತ್ತು ನಿಮಿಷ ಇರುತ್ತಿತ್ತು. ಮೆಟ್ಟಿಲುಗಳ ಬುಡದಲ್ಲಿ ಅದಕ್ಕೆಂದೇ ಒಂದು ಕಟ್ಟೆ ಇತ್ತು. ಅಲ್ಲಿ ಕೂರಿಸಿದ ಕೂಡಲೇ ಉಸಿರು ಸಲೀಸಾಗುತ್ತಿತ್ತು, ಕಣ್ಣು ತಿಳಿಯಾಗುತ್ತಿತ್ತು, ಮಾತು ತೊದಲದೆ ಬರುತ್ತಿತ್ತು. ಮನೆಯವರು ಸುತ್ತ ಕೂತು ಹೇಳುವುದನ್ನು ಹೇಳಿ, ಕೇಳುವುದನ್ನು ಕೇಳಿ, ಕಳಿಸಿಕೊಡುತ್ತಿದ್ದರು.

ಹೀಗಾಗಿ ಮೇಲ್ಗೇರಿಯವರು ಬದುಕಿದ್ದಾಗ ಹೆಚ್ಚು ಮಾತಾಡುತ್ತಿರಲಿಲ್ಲ. ಗಂಡ ಹೆಂಡತಿಗೆ, ಮಗ ತಂದೆಗೆ, ಸ್ನೇಹಿತ ಸ್ನೇಹಿತನಿಗೆ, ಮನಸ್ಸಿಗೆ ಹತ್ತಿರದ ಮಾತು ಬಂದಾಗಲೆಲ್ಲ "ಅದನ್ನ ಕೆಳಗ ಮಾತಾಡೋಣು" ಎಂದು ಬಿಟ್ಟುಬಿಡುತ್ತಿದ್ದರು. ನಮ್ಮ ಓಣಿಗಳಲ್ಲಿ ನಡೆದರೆ ನೀರು ಸೇದುವ ಸದ್ದು, ಸೌಟಿನ ಸದ್ದು, ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತೇ ಹೊರತು ದನಿ ಕೇಳುತ್ತಿರಲಿಲ್ಲ. ಕೆಳಗೇರಿಯವರಿಗೆ ಇಳಿಯಲು ಇನ್ನೊಂದು ಕೇರಿ ಇರಲಿಲ್ಲ. ಅವರು ಇದ್ದಾಗಲೇ ಜಗಳಾಡಿ, ಅತ್ತು, ಕ್ಷಮೆ ಕೇಳಿ, ಮತ್ತೆ ಜಗಳಾಡಿ ಮುಗಿಸುತ್ತಿದ್ದರು. "ಮ್ಯಾಲಿನ ಮಂದಿ ಜೀವ ಹೋಗೂ ಮುಂದ ಬಾಯಿ ತೆಗೀತಾರ, ನಾವು ಜೀವ ಹೋದಾಗಷ್ಟ ಮುಚ್ತೀವಿ" ಎಂದು ಅಲ್ಲಿನ ಹೆಂಗಸರು ನಗುತ್ತಿದ್ದರು. ನನಗೆ ಮಾತ್ರ ನಮ್ಮ ಕೇರಿಯ ಮೌನವೇ ಹಿತವಾಗಿತ್ತು. ಪದವಿ ಮುಗಿಸಿ, ಪೇಟೆಯಲ್ಲಿ ಮೂರು ತಿಂಗಳ ಕಂಪ್ಯೂಟರ್ ತರಬೇತಿ ಪಡೆದು ಪುರಸಭೆಗೆ ಸೇರಿದ್ದ ನನಗೆ ಮಾತು ಯಾವತ್ತೂ ಕೈಗೆ ಸಿಕ್ಕಿದ್ದಲ್ಲ. ಊರಿನ ಗುಣ ನನ್ನ ಕೊರತೆಯನ್ನು ಮುಚ್ಚಿಕೊಡುತ್ತಿತ್ತು.

ನೀಲಕ್ಕ ಪುರಸಭೆಯಲ್ಲಿ ನನ್ನ ಮೇಲಧಿಕಾರಿ. ಐವತ್ತೆರಡರ ಹೆಂಗಸು, ಒಬ್ಬರೇ ಇದ್ದರು. ಪುರಸಭೆಯ ಸರ್ವರ್ ಅವರ ಕೈಯಲ್ಲಿತ್ತು. ಜನನ ಮರಣದ ದಾಖಲೆ, ನೀರಿನ ವಾಲ್ವುಗಳು, ಎರಡೂ ಕೇರಿಯ ಸೈರನ್ನುಗಳು ಎಲ್ಲವನ್ನೂ ಅದೇ ನಡೆಸುತ್ತಿತ್ತು. ಅದಕ್ಕೂ ಮುಂಚೆ ಆ ಕೆಲಸವನ್ನು ಗಂಟೆ ಬಾರಿಸಿ ಹೊತ್ತು ತಿಳಿಸುವ ಒಬ್ಬ ಗಂಟೆಯವನು ಮಾಡುತ್ತಿದ್ದನಂತೆ. ಯಂತ್ರ ಊರಿನ ಟೈಮನ್ನು ಹಿಂಬಾಲಿಸುತ್ತಿತ್ತೋ, ಊರು ಯಂತ್ರವನ್ನು ಹಿಂಬಾಲಿಸುತ್ತಿತ್ತೋ, ನಾವ್ಯಾರೂ ಕೇಳಿರಲಿಲ್ಲ.

ಆ ಹಳೇ ಸರ್ವರನ್ನು ಹದಿನೇಳು ವರ್ಷಗಳ ಹಿಂದೆ ಸಿದ್ಧಮಾಡಿದವರೂ ನೀಲಕ್ಕನೇ. ಡಿಸ್ಕ್ ಫಾರ್ಮ್ಯಾಟ್ ಆಗುತ್ತಿದ್ದಾಗ ಜವಾನ ಫಕೀರಪ್ಪ ಕಿಟಕಿಗೆ ಬಂದು, "ಅಕ್ಕಾರ, ನಿಮ್ಮ ಅವ್ವಾರನ್ನ ಕೆಳಗ ಒಯ್ದಾರ್ರಿ, ಜಲ್ದಿ ಬರಬೇಕಂತ" ಎಂದ. ನಡುವೆ ಬಿಟ್ಟು ಎದ್ದರೆ ಎರಡೂ ಕೇರಿಯ ಟೈಮು ಕಲಸಿಹೋದೀತೆಂದು ಹೆದರಿ ನೀಲಕ್ಕ "ಹತ್ತ ನಿಮಿಷ, ಬಂದೆ" ಎಂದರು. ಅದು ಹತ್ತು ನಿಮಿಷದಲ್ಲಿ ಮುಗಿಯಲಿಲ್ಲ. ಅವರು ಕಟ್ಟೆಗೆ ಹೋದಾಗ ಅವ್ವನ ಐವತ್ತು ನಿಮಿಷ ತೀರಿತ್ತು. ಅಣ್ಣ ಚನ್ನಮಲ್ಲಪ್ಪ ತಲೆಯೆತ್ತಿ ನೋಡಿದರಂತೆ. "ಅವ್ವ ನಿನಗ ಒಂದ ಮಾತ ಹೇಳ್ಯಾಳ. ಯಂತ್ರ ಬಿಟ್ಟು ಬರಾಕ ಆಗಲಿಲ್ಲಲ್ಲ, ಇನ್ನ ನನ್ನ ಪಾಳಿ ಬರೂತನಕ ತಡಿ. ಕೆಳಗ ಹೇಳ್ತೀನಿ."

ಅವತ್ತಿನಿಂದ ಅಣ್ಣ ತಂಗಿ ಮಾತಾಡಲಿಲ್ಲ. ಇಬ್ಬರದೂ ಒಂದೇ ಓಣಿ, ನಡುವೆ ಮೂರು ಮನೆ. ಚನ್ನಮಲ್ಲಪ್ಪ ದರ್ಜಿ. ನೀಲಕ್ಕನ ಕುಪ್ಪಸಗಳನ್ನು ಹೊಲಿಯುತ್ತಿದ್ದವರು ಅವರೇ. ಅತ್ತಿಗೆ ಶಾರವ್ವ ಬಂದು ಬಟ್ಟೆ ಒಯ್ಯುತ್ತಿದ್ದಳು, ಹೊಲಿದದ್ದನ್ನು ತಂದು ಕೊಡುತ್ತಿದ್ದಳು. ಹದಿನೇಳು ವರ್ಷವೂ ಅದೇ ಹಳೆಯ ಅಳತೆ. ತೋಳು ಬಿಗಿಯುತ್ತದೆ ಎಂದು ನೀಲಕ್ಕ ಹೇಳಿ ಕಳಿಸಲಿಲ್ಲ, ಅಳತೆ ಬದಲಾಗಿದೆಯೇ ಎಂದು ಅಣ್ಣನೂ ಕೇಳಿ ಕಳಿಸಲಿಲ್ಲ. ಅವ್ವ ಹೇಳಿದ ಆ ಒಂದು ಮಾತಿಗಾಗಿ ನೀಲಕ್ಕ ಕಾಯುತ್ತಿದ್ದಾರೆಂಬುದು ಇಡೀ ಊರಿಗೆ ಗೊತ್ತಿತ್ತು. ಈಚೆಗೆ ಚನ್ನಮಲ್ಲಪ್ಪನವರ ಎದೆ ಕೆಟ್ಟಿತ್ತು. ಸೂಜಿಗೆ ದಾರ ಪೋಣಿಸಿದರೂ ಏದುಸಿರು ಬರುತ್ತಿತ್ತು. ಅವರ ಪಾಳಿ ದೂರವಿಲ್ಲ ಎಂಬುದೂ ಊರಿಗೆ ಗೊತ್ತಿತ್ತು.

ಅಂಥ ಹೊತ್ತಿನಲ್ಲೇ ಹಳೇ ಸರ್ವರಿನ ಡಿಸ್ಕ್ ಕಟಕಟ ಎನ್ನತೊಡಗಿತು. ಜಿಲ್ಲಾ ಕಚೇರಿಗೆ ಬರೆದು ಹೊಸದನ್ನು ತರಿಸಿದೆವು. ದೊಡ್ಡ ದೊಡ್ಡ ಕಚೇರಿಗಳಲ್ಲಿ ಓಡಿಸುವ ಲಿನಕ್ಸ್ ಎಂಬ ತಂತ್ರಾಂಶ, ಅದರ ಪೆನ್‌ಡ್ರೈವ್, ಅದಕ್ಕೊಂದು ವರ್ಷದ ಚಂದಾ, ನೋಂದಣಿಯ ಸಂಖ್ಯೆ ಎಲ್ಲ ಒಂದು ಲಕೋಟೆಯಲ್ಲಿ ಬಂದವು. ದಾಖಲೆಗಳನ್ನೆಲ್ಲ ಹಿಂದಿನ ದಿನವೇ ನಕಲು ಮಾಡಿಟ್ಟು, ಆ ಬೆಳಿಗ್ಗೆ ಹಳೆಯದನ್ನು ಬಂದ್ ಮಾಡಿದೆವು. ಅದು ಮತ್ತೆ ಚಾಲೂ ಆಗಲಿಲ್ಲ. ನೀಲಕ್ಕ ಖಾಕಿ ಚೀಲದಲ್ಲಿ ಗಡಿಯಾರ, ನೋಟ್‌ಬುಕ್ಕು ಇಟ್ಟುಕೊಂಡು ಕೆಳಗೆ ಹೊರಟರು. ಹೊಳೆದಂಡೆಯ ಕಲ್ಲುಕಂಬದ ನೆರಳು ಅತಿ ಗಿಡ್ಡಾಗುವ ಗಳಿಗೆಯನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದುಕೊಂಡು ಬಂದು, ಹೊಸ ಯಂತ್ರಕ್ಕೆ ಎರಡು ಟೈಮನ್ನೂ ಕೈಯಿಂದ ಬರೆಯಬೇಕಿತ್ತು. ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಗಂಟೆಯವರೆಗೆ ನಾನು ಕಾಯಬೇಕಿತ್ತು.

ನಾನು ಕೆಲಸ ಶುರುಮಾಡಿದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಭಾಷೆ ಆರಿಸಿದೆ, ಕೀಬೋರ್ಡ್ ಆರಿಸಿದೆ. ಇಡೀ ಡಿಸ್ಕನ್ನು ಬಳಸಲೇ ಎಂದಿತು, ಹೂಂ ಎಂದೆ. ಯಂತ್ರಕ್ಕೆ ಹೆಸರು ಕೇಳಿತು, ಕೊಟ್ಟೆ. ರೂಟ್ ಪಾಸ್‌ವರ್ಡನ್ನು ಎರಡು ಸಲ ಬರೆದೆ. ನೆಟ್‌ವರ್ಕ್ ಕೇಬಲ್ ಚುಚ್ಚಿ ಚಾಲೂ ಮಾಡಿದೆ. ಹನ್ನೊಂದೂ ಕಾಲರ ಹೊತ್ತಿಗೆ ಉಳಿದದ್ದು ಟೈಮಿನ ಪರದೆ ಒಂದೇ. ಪರದೆಯ ತುಂಬ ಲೋಕದ ನಕಾಶೆ. ನೀವೆಲ್ಲಿದ್ದೀರಿ, ಅಲ್ಲಿ ಒತ್ತಿ ಎನ್ನುತ್ತದೆ. ನಮ್ಮ ಊರು ಯಾವ ನಕಾಶೆಯಲ್ಲೂ ಇಲ್ಲ.

ಕಿಟಕಿಯ ಆಚೆ ಕೊಡಗಳ ಸಾಲು ಬೆಳೆದಿತ್ತು. ಯಂತ್ರ ಆರಿದ್ದರಿಂದ ವಾಲ್ವು ತೆರೆದಿರಲಿಲ್ಲ. ಕೆಳಗೇರಿಯಿಂದ ಹತ್ತಿ ಬಂದಿದ್ದ ಹೆಂಗಸೊಬ್ಬಳು ಕಂಬಿಗೆ ಮುಖವಿಟ್ಟು, "ಯಪ್ಪಾ, ನಿಮ್ಮ ಯಂತ್ರ ಜಳಕಕ್ಕ ಹೋಗೇತೇನ? ಅದರದು ಮುಗದ್ರ ನಾವೂ ಮಾಡ್ತಿದ್ದಿವಿ" ಎಂದಳು. ಸಾಲಿನವರೆಲ್ಲ ನಕ್ಕರು. ಮುಖ್ಯಾಧಿಕಾರಿ ಪಂಚಾಕ್ಷರಯ್ಯನವರು ಒಳಗಿನಿಂದ ಇಣುಕಿ, "ಮುರಿಗೇಶ, ಊಟದೊಳಗ ಮುಗೀತೈತಿಲ್ಲೋ?" ಎಂದರು.

"ನೀಲಕ್ಕಾರು ಬರಬೇಕ್ರಿ ಸಾಹೇಬ್ರ."

"ಎಲ್ಲಾ ಆಕೀನ ಬಂದು ಮಾಡೂದಾದ್ರ ನೀ ಯಾಕೋ ಮತ್ತ?"

ಅವರು ಹೇಳಿದ್ದು ತಮಾಷೆಗೆ. ಒತ್ತಡದಿಂದ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಪರದೆಗೆ ಯಾವ ಅವಸರವೂ ಇರಲಿಲ್ಲ. ಎಷ್ಟು ಹೊತ್ತು ಬಿಟ್ಟರೂ ಅದು ಹಾಗೆಯೇ ತೆರೆದಿರುತ್ತದೆ. ಕಾಯಲಾರದವನು ನಾನು. ಒಂದು ನೆಟ್‌ವರ್ಕಿನ ಯಂತ್ರಗಳೆಲ್ಲ ಒಂದೇ ಟೈಮಿನಲ್ಲಿರಬೇಕು, ಇಲ್ಲವಾದರೆ ಅವು ಬರೆದಿಟ್ಟದ್ದನ್ನು ನಂಬಲಾಗದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಎರಡು ಟೈಮು, ಕಂಬದ ನೆರಳು, ನೋಟ್‌ಬುಕ್ಕು ಇವೆಲ್ಲ ನನಗೆ ಒಳಗೊಳಗೇ ಹಳ್ಳಿಗಮಾರತನ ಎನಿಸುತ್ತಿತ್ತು. ಒಂದು ಕೆಲಸವನ್ನಾದರೂ ಮೊದಲಿಂದ ಕೊನೆಯವರೆಗೆ ನಾನೇ ಮಾಡಿ, ಅವರು ಬರುವಷ್ಟರಲ್ಲಿ ಮುಗಿಸಿ ಕೂತಿರಬೇಕು ಎನಿಸಿತು. ಅವರು ಬಂದು ಬೆನ್ನು ತಟ್ಟುವುದನ್ನೂ ಊಹಿಸಿಕೊಂಡೆ. ನಕಾಶೆಯಲ್ಲಿ ನಮಗೆ ಹತ್ತಿರದ ಮಹಾನಗರವನ್ನು ಒತ್ತಿದೆ. ಟೈಮನ್ನು ನೆಟ್‌ವರ್ಕಿನಿಂದ ಪಡೆಯಲೇ ಎಂದು ಕೇಳಿತು. ಪಡೆ ಎಂದೆ.

ಇನ್‌ಸ್ಟಾಲ್ ಮುಗಿದು ಯಂತ್ರ ತಾನೇ ಮತ್ತೆ ಶುರುವಾದಾಗ ಹನ್ನೆರಡಕ್ಕೆ ಒಂದು ನಿಮಿಷವಿತ್ತು. ವಾಲ್ವು ತೆರೆದುಕೊಂಡಿತು. ಸಾಲಿನವರು ಹೋ ಎಂದರು. ಆಮೇಲೆ ಮೇಲಿನ ಸೈರನ್ ಕೂಗಿತು, ಅದರ ಜೊತೆಗೇ ಕೆಳಗಿನದೂ ಕೂಗಿತು. ನಾನು ಹುಟ್ಟಿದಾಗಿನಿಂದ ಎರಡನ್ನೂ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಕೊಡ ಹಿಡಿದವರು ಹಿಡಿದ ಹಾಗೇ ನಿಂತರು. ಕೊಡ ತುಂಬಿ ಚೆಲ್ಲುತ್ತಿದ್ದರೂ ಯಾರೂ ಕೊಳಾಯಿ ಬಿಟ್ಟು ಸರಿಯಲಿಲ್ಲ.

ನೀಲಕ್ಕ ಏದುತ್ತಾ ಹತ್ತಿ ಬಂದರು. ಕಂಬದ ನೆರಳು ಇನ್ನೂ ಮೊಳದುದ್ದ ಇದ್ದದ್ದು ಒಮ್ಮೆಲೇ ಸರ್ರನೆ ಬಂದು ಬುಡಕ್ಕೆ ಸೇರಿತು ಎಂದಷ್ಟೇ ಹೇಳಿದರು. ಬಯ್ಯಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

"ತಮ್ಮಾ, ಒಂದ ಮಾತ ಖರೇ ಹೇಳು. ಟೈಮನ್ನ ಅದು ನೆಟ್‌ವರ್ಕಿನ್ಯಾಗ ಹುಡುಕಿ ತಾನಾಗೇ ಹಾಕ್ಕೊಂಡಿತೋ, ನೀ ಕೈಯಾರೆ ಒತ್ತಿದಿಯೋ?"

"ಯಾಕ್ರಿ ಅಕ್ಕಾರ? ಎರಡೂ ಒಂದ ಅಲ್ಲೇನ್ರಿ?"

"ಒಂದ ಅಲ್ಲೋ. ನಡುಗೇರಿ ಅಂತ ಇತ್ತು ನಮ್ಮೂರಾಗ, ಮೆಟ್ಟಿಲದ ನಟ್ಟನಡುವ. ಅವ್ರಿಗೆ ಇಪ್ಪತ್ತ ನಿಮಿಷ ಇತ್ತು. ಗಂಟೆಯಂವ ಒಂದಿನ ಸಿಟ್ಟಿಗೆದ್ದು ಅವ್ರ ಗಂಟೀನೂ ಮ್ಯಾಲಿನದರ ಕೂಡೇನ ಬಾರಿಸಿದ. ಆ ಇಪ್ಪತ್ತ ನಿಮಿಷ ತಿರುಗಿ ಬರಲೇ ಇಲ್ಲ. ಯಂತ್ರ ತಾನಾಗೇ ತಪ್ಪಿದ್ರ ತಿದ್ದಬಹುದು. ಊರ ಮನಿಷ್ಯಾ ತನ್ನ ಕೈಯಾರೆ ಕೊಟ್ಟದ್ದನ್ನ ಊರು ವಾಪಸ ಕೊಡಾಂಗಿಲ್ಲ." ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ತಾನಾಗೇ ಹಾಕ್ಕೊಂಡಿದ್ರ ಹೇಳು, ನಾ ಕುಂತು ತೆಗೀತೀನಿ. ನೀ ಒತ್ತಿದ್ರ ಅದನ್ನರ ಹೇಳು. ಸುಮ್ನ ಇಲ್ಲಿ ಹೊತ್ತ ಕಳ್ಯೂದು ಬ್ಯಾಡ. ಈಗಿಂದೀಗ ಹೋಗಿ ಅಣ್ಣನ ಬಾಗಿಲ ಬಡೀತೀನಿ."

ಇಷ್ಟು ಸ್ಪಷ್ಟವಾಗಿ ಕೇಳಿದ್ದರು. ನನಗೆ ಅರ್ಥವಾಗಲಿಲ್ಲ ಎನ್ನುವಂತಿಲ್ಲ. ಬಾಗಿಲಲ್ಲಿ ಪಂಚಾಕ್ಷರಯ್ಯನವರು ನಿಂತಿದ್ದರು, ಕಿಟಕಿಯಲ್ಲಿ ಜನ ನಿಂತಿದ್ದರು, ಫಕೀರಪ್ಪ ನಿಂತಿದ್ದ.

"ತಾನಾಗೇ ಹಾಕ್ಕೊಂತ್ರಿ" ಎಂದೆ.

ನೀಲಕ್ಕನ ಮುಖ ಸಡಿಲಾಯಿತು. "ಹಂಗಾದ್ರ ಚಿಂತಿಲ್ಲ ಬಿಡು. ಏಳು, ಆ ಕುರ್ಚಿ ಕೊಡು" ಎಂದರು.

ಅಲ್ಲಿಂದ ಮೂರು ವಾರ ಅವರು ಆ ಕುರ್ಚಿ ಬಿಡಲಿಲ್ಲ. ನೆಟ್‌ವರ್ಕಿನಿಂದ ಟೈಮು ಪಡೆಯುವುದನ್ನು ಬಂದ್ ಮಾಡಿದರು. ಕೆಳಗೇರಿಗೇ ಒಂದು ಪ್ರತ್ಯೇಕ ಟೈಮಿನ ಫೈಲ್ ಬರೆದರು. ಮಾರನೆಯ ದಿನ ಕೆಳಗಿನ ಸೈರನ್ನೇನೋ ಐವತ್ತು ನಿಮಿಷ ತಡವಾಗಿ ಕೂಗಿತು, ಆದರೆ ಬಿಸಿಲು ಎರಡೂ ಕೇರಿಗೆ ಒಟ್ಟಿಗೇ ಬಿತ್ತು, ಹಾಲು ಒಟ್ಟಿಗೇ ಹೆಪ್ಪುಗಟ್ಟಿತು. ಒಂದೇ ಸರ್ವರಿನೊಳಗೆ ತಂತ್ರಾಂಶದಿಂದಲೇ ಎರಡು ಹುಸಿಯಂತ್ರಗಳನ್ನು ಕಟ್ಟಿ ಒಂದೊಂದಕ್ಕೆ ಒಂದೊಂದು ಕೇರಿಯನ್ನು ಒಪ್ಪಿಸಿ ನೋಡಿದರು. ಎರಡು ಸಲ ಎಲ್ಲ ಅಳಿಸಿ ಮೊದಲಿಂದ ಇನ್‌ಸ್ಟಾಲ್ ಮಾಡಿದರು. ಇನ್‌ಸ್ಟಾಲಿನ ಹೊತ್ತಿನಲ್ಲಿ ಯಂತ್ರ ಬರೆದಿಟ್ಟಿದ್ದ ಲಾಗ್ ಎಂಬ ದಿನಚರಿಯ ಪ್ರತಿಯನ್ನು ಸಾಲುಸಾಲಾಗಿ ಓದಿದರು. ಅದರಲ್ಲಿ ಮಹಾನಗರದ ಹೆಸರಿತ್ತೇ ಹೊರತು ಅದನ್ನು ಆರಿಸಿದ್ದು ಯಾರೆಂದು ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಅವರು ಹೇಳಿದ ಕಮಾಂಡುಗಳನ್ನು ಒತ್ತಿದೆ, ಚಹಾ ತಂದುಕೊಟ್ಟೆ. ಇಲ್ಲದ ತಪ್ಪನ್ನು ಅವರು ಹುಡುಕುತ್ತಿದ್ದರು. ಇದ್ದ ತಪ್ಪು ಪಕ್ಕದಲ್ಲೇ ಕೂತು ಸಕ್ಕರೆ ಸಾಕೇ ಎಂದು ಕೇಳುತ್ತಿತ್ತು.

ನಡುವೆ ಒಂದು ದಿನ ಫಕೀರಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ. "ಅಕ್ಕಾರ, ಅಣ್ಣಾರಿಗೆ ಭಾಳ ಆಗೇತಂತರಿ. ರಾತ್ರಿ ಮಲಗಾಕೂ ಆಗವಲ್ದಂತ, ಕುಂತ ಇರ್ತಾರಂತ."

"ಇದೊಂದ ಸರಿಯಾಗ್ಲಿ ಫಕೀರಪ್ಪ. ಇವತ್ತಿಲ್ಲ ನಾಳೆ ಆಗತೈತಿ. ಅಂವ ಹೇಳಿದ್ದ ಕೆಳಗ ಹೇಳ್ತೀನಿ ಅಂತ. ಅಂವ ಕೊಟ್ಟ ಮಾತಿಗೆ ಜಾಗಾ ಇರಬೇಕಲ್ಲ."

ಆಗ ನಾನು ಬಾಯಿ ತೆರೆದೆ. ಫಕೀರಪ್ಪ ಇದ್ದಾನೆ, ಅವನು ಹೋದ ಮೇಲೆ ಹೇಳೋಣ ಎಂದುಕೊಂಡೆ. ಅವನು ಹೋದ. ಚಹಾ ಕುಡಿದಾದ ಮೇಲೆ ಹೇಳೋಣ ಎಂದುಕೊಂಡೆ. ನೀಲಕ್ಕ ಲೋಟ ಕೆಳಗಿಟ್ಟು, "ಈ ಸಾಲು ಮತ್ತೊಮ್ಮೆ ಓದು" ಎಂದರು. ಓದಿದೆ.

ಚನ್ನಮಲ್ಲಪ್ಪನವರನ್ನು ಇಳಿಸಿದ್ದು ಒಂದು ಸೋಮವಾರ, ಬೆಳಗಿನ ಹತ್ತು ಗಂಟೆಗೆ. ಕೆಳಗೆ ಏನೂ ಉಳಿದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಕುರ್ಚಿಗೆ ಬಿದಿರು ಕಟ್ಟಿದರು. ಅಷ್ಟು ತಲೆಮಾರಿನ ರೂಢಿಯನ್ನು ಕೈಗಳು ಮೂರು ವಾರಕ್ಕೆ ಮರೆಯುವುದಿಲ್ಲ. ಸುದ್ದಿ ಬಂದಾಗ ಯಂತ್ರ ಮೂರನೆಯ ಸಲ ಇನ್‌ಸ್ಟಾಲ್ ಆಗುತ್ತಿತ್ತು. ನೀಲಕ್ಕ ಅದರ ಕಡೆ ತಿರುಗಿಯೂ ನೋಡದೆ ಚಪ್ಪಲಿಯಿಲ್ಲದೆ ಓಡಿದರು. ನಾನೂ ಹಿಂದೆ ಓಡಿದೆ. ಮೆಟ್ಟಿಲುಗಳ ತಲೆಗೆ ಬರುವಷ್ಟರಲ್ಲಿ ಹೊತ್ತವರಲ್ಲಿ ಒಬ್ಬ ಮುದುಕ ತತ್ತರಿಸುತ್ತಿದ್ದ. ಅವನ ಹೆಗಲ ಬಿದಿರನ್ನು ನಾನು ತೆಗೆದುಕೊಂಡೆ.

ಕುರ್ಚಿಯಲ್ಲಿ ಅವರು ತಲೆ ಒರಗಿಸಿ ಕೂತಿದ್ದರು. ಉಸಿರು ಹರಿದ ಬಟ್ಟೆಯ ಹಾಗೆ ಸದ್ದು ಮಾಡುತ್ತಿತ್ತು. ಪಕ್ಕದಲ್ಲಿ ಓಡಿ ಬರುತ್ತಿದ್ದ ತಂಗಿಯನ್ನು ನೋಡಿ ತುಟಿ ಅಲುಗಿಸಿದರು, ದನಿ ಬರಲಿಲ್ಲ. ನೀಲಕ್ಕ "ತಡಿಯಣ್ಣಾ, ಕೆಳಗ ಹೋಗೋಣು, ಕೆಳಗ ಹೋಗೋಣು" ಎನ್ನುತ್ತಿದ್ದರು. ಅರವತ್ತನೆಯ ಮೆಟ್ಟಿಲು ದಾಟಿದ ಮೇಲೆ ಎಲ್ಲಿಯೋ ಆ ಸದ್ದು ನಿಂತಿತು. ಬಿದಿರು ಹೊತ್ತ ನಾಲ್ವರಿಗೂ ತಿಳಿಯಿತು. ಯಾರೂ ಹೇಳಲಿಲ್ಲ, ಯಾರೂ ನಿಲ್ಲಲಿಲ್ಲ.

ಕಟ್ಟೆಯ ಮೇಲೆ ಕುರ್ಚಿ ಇಟ್ಟೆವು. ನೀಲಕ್ಕ ಅಣ್ಣನ ಮೊಣಕಾಲಿಗೆ ತಾಗುವಂತೆ ಕೂತರು. "ಅಣ್ಣಾ" ಎಂದರು. "ಅಣ್ಣಾ, ಅವ್ವ ಏನಂದ್ಲ?" ಕೈಗಡಿಯಾರ ನೋಡಿಕೊಂಡರು. ಹತ್ತೂ ಇಪ್ಪತ್ತು. ಬಿಸಿಲು ಮೇಲಿನ ಹಾಗೆಯೇ ಕೆಳಗೂ ಚುರುಗುಟ್ಟುತ್ತಿತ್ತು. ನೀಲಕ್ಕ ಕಾಯುತ್ತ ಕೂತರು. ಕೆಳಗೇರಿಯ ಹೆಂಗಸರು ಬಾಗಿಲುಗಳಿಗೆ ಬಂದು ನಿಂತರು. ಅವರಲ್ಲಿ ಯಾರೂ ನಗಲಿಲ್ಲ, ಮಾತಾಡಲಿಲ್ಲ. ಹನ್ನೊಂದೂ ಹತ್ತರವರೆಗೆ, ಪೂರಾ ಐವತ್ತು ನಿಮಿಷ, ನೀಲಕ್ಕ ಅಣ್ಣನ ತುಟಿಗಳನ್ನೇ ನೋಡುತ್ತ ಕೂತಿದ್ದರು. ಆಮೇಲೆ ಎದ್ದು ಅವರ ಕಣ್ಣು ಮುಚ್ಚಿದರು.

ಹದಿನೈದು ದಿನಗಳಾದ ಮೇಲೆ ಅವರು ಕಚೇರಿಗೆ ಬಂದರು. ಬಂದವರೇ ಯಂತ್ರದ ಮುಂದೆ ಕೂತು, ನೋಟ್‌ಬುಕ್ಕು ತೆರೆದು, ಒಂದು ಹೊಸ ಹಾಳೆಯ ತಲೆಗೆ ಗೆರೆ ಎಳೆದರು.

"ಇನ್ನೂ ಯಾಕ್ರಿ ಅಕ್ಕಾರ?" ಎಂದೆ.

"ನಂದಂತೂ ಮುಗೀತು. ಊರಾಗ ಉಳಿದ ಮಂದಿ ಇಲ್ಲೇನು? ದಾರ್ಯಾಗ ಎಲ್ಲಾರೂ ಕೇಳ್ತಾರ, ‘ಯಾವಾಗ ಸರಿ ಆಗತೈತಿ ನೀಲಕ್ಕ, ನಮ್ಮ ಮುದುಕಗ ಹೇಳೂದು ಐತಿ’ ಅಂತ. ‘ಆಗತೈತಿ ತಡ್ರಿ’ ಅಂತ ಹೇಳೇನಿ."

ಮೇಲ್ಗೇರಿಯವರು ಮನೆಮನೆಯಲ್ಲೂ ಇನ್ನೂ ಬಾಯಿ ಮುಚ್ಚಿಕೊಂಡು ಕೂತಿದ್ದರು, ನನ್ನ ಒಂದು ಮಾತನ್ನು ನಂಬಿಕೊಂಡು. ಕಿಟಕಿಯ ಹೊರಗೆ ಓಣಿ ಎಂದಿನಂತೆ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದ ಮೊದಲ ಸಲ ನನಗೆ ಸಹಿಸಲಾಗಲಿಲ್ಲ.

"ಅದು ತಾನಾಗೇ ಹಾಕ್ಕೊಳ್ಳಲಿಲ್ಲರಿ" ಎಂದೆ. "ನಾನ ಒತ್ತಿದ್ದು. ನೀವು ತಡಿ ಅಂದಿದ್ದು ನೆನಪಿತ್ತು. ನೆನಪಿದ್ದೂ ಒತ್ತಿದೆ. ನೀವು ಕೇಳಿದಾಗ ಸುಳ್ಳು ಹೇಳಿದೆ."

ನೀಲಕ್ಕ ಪೆನ್ನಿನ ಮುಚ್ಚಳ ಹಾಕಿದರು. ತಲೆಯೆತ್ತಿ ನನ್ನನ್ನು ನೋಡಿದಾಗ ಅವರ ಕಣ್ಣಲ್ಲಿ ನಾನು ನಿರೀಕ್ಷಿಸಿದ್ದ ಸಿಟ್ಟಿರಲಿಲ್ಲ. ಅವರು ಲೆಕ್ಕ ಹಾಕುತ್ತಿದ್ದರು. "ಮೂರ ವಾರ" ಎಂದರು. "ಇಪ್ಪತ್ತೊಂದ ದಿನ." ಆಮೇಲೆ ಎದ್ದರು. "ಏಳು. ಇಲ್ಲಿ ಹೇಳಿದ್ದನ್ನ ಶಾರವ್ವನ ಮುಂದೂ ಹೇಳು."

ನಡು ಮಧ್ಯಾಹ್ನ. ಓಣಿಯುದ್ದಕ್ಕೂ ಅವರು ಮುಂದೆ, ನಾನು ಹಿಂದೆ. ಶಾರವ್ವ ಬಾಗಿಲಲ್ಲಿ ಕೂತು ಗಂಡನ ಉಳಿದ ಬಟ್ಟೆ ತುಂಡುಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದಳು. ನಾನು ಅಂಗಳದಲ್ಲಿ ನಿಂತು ಹೇಳಿದೆ. ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ತೆರೆದವು. ಕೇಳಿಸಲಿಲ್ಲವೆಂದು ಯಾರೋ ಅಂದರು, ಮತ್ತೊಮ್ಮೆ ಜೋರಾಗಿ ಹೇಳಬೇಕಾಯಿತು.

ಶಾರವ್ವ ನನ್ನನ್ನು ಬಿಟ್ಟು ನಾದಿನಿಯ ಕಡೆ ತಿರುಗಿದಳು. "ನೀ ಅದಕ್ಕ ಬರಲಿಲ್ಲೇನ ನೀಲಾ? ಯಂತ್ರ ಸರಿ ಆಗತೈತಿ ಅಂತ?"

"ಹೌದವ್ವ."

"ಸೈರನ್ ಎರಡೂ ಕೂಡಿ ಕೂಗಿದ ದಿನಾನ ನಿಮ್ಮಣ್ಣ ಅಂದ, ಕೆಳಗಿಂದು ಮುಗೀತು, ಇನ್ನ ಆಕಿ ಇಲ್ಲೇ ಬರ್ತಾಳ ಅಂತ. ದಿನಾ ಸಂಜೀಕ ಮಷೀನ ಸರಿಸಿ ಇಲ್ಲಿ ಚಾಪಿ ಹಾಸಸ್ತಿದ್ದ. ಬಾಗಲಾ ಮುಂದ ಮಾಡಾಕ ಹ್ವಾದ್ರ ಬಯ್ತಿದ್ದ. ಇಪ್ಪತ್ತೊಂದ ದಿನಾನೂ ಹಾಸೇನಿ. ನಾ ಕರೀತೀನಿ ತಡಿ ಅಂದ್ರ ಬ್ಯಾಡ ಅಂದ. ಆಕೀಗೆ ಬೇಕಿದ್ರ ಯಂತ್ರ ಬಿಟ್ಟು ಬರ್ತಾಳ ಅಂದ."

ನೀಲಕ್ಕ ಹೊಸ್ತಿಲ ಮೇಲೆ ಕುಸಿದು ಕೂತರು. "ಅವ್ವ ಏನಂದಿದ್ಲು ಅಂತ ನಿನಗರ ಹೇಳಿದ್ನೇನ?"

"ಕೇಳಿದೆ. ಭಾಳ ಸಲ ಕೇಳಿದೆ." ಶಾರವ್ವನ ದನಿ ಒಡೆಯಿತು. "ಅದು ಆಕೀದು, ಆಕೀಗೇ ಕೊಡಬೇಕು ಅಂದ."

ಆಗ ನೀಲಕ್ಕ ಅತ್ತರು. ನಮ್ಮ ಕೇರಿಯಲ್ಲಿ ಯಾರೂ ಹಾಗೆ ಅತ್ತದ್ದನ್ನು ನಾನು ಕೇಳಿರಲಿಲ್ಲ. ಬಾಯಿ ತೆರೆದು, ಅಣ್ಣನನ್ನು ಬಯ್ಯುತ್ತ, ಅವ್ವನನ್ನು ಕರೆಯುತ್ತ, ಎದೆ ಬಡಿದುಕೊಂಡು. ಶಾರವ್ವನೂ ಕೂಗಿ ಕೂಗಿ ಬೈದಳು, ನಾದಿನಿಯನ್ನು, ಗಂಡನನ್ನು, ಹದಿನೇಳು ವರ್ಷಗಳನ್ನು. ಬಾಗಿಲುಗಳಲ್ಲಿ ನಿಂತಿದ್ದವರು ಒಳಗೆ ಹೋಗತೊಡಗಿದರು. ಸ್ವಲ್ಪ ಹೊತ್ತಿಗೆ ಯಾವುದೋ ಮನೆಯೊಳಗಿಂದ ಒಬ್ಬ ಗಂಡಸು ಯಾರನ್ನೋ ಹೆಸರು ಹಿಡಿದು ಕರೆಯುವುದು ಕೇಳಿತು. ಆಮೇಲೆ ಇನ್ನೊಂದು ಮನೆಯಲ್ಲಿ ಮಾತು ಶುರುವಾಯಿತು.

ನಾನು ಅಂಗಳದಲ್ಲೇ ನಿಂತಿದ್ದೆ. ನನಗೆ ಯಾರೂ ಹೋಗು ಎನ್ನಲಿಲ್ಲ, ಕೂರು ಎಂದೂ ಎನ್ನಲಿಲ್ಲ.